ಜರ್ಮನಿಗೆ ಒಂದು ಹೊರೆ ಕತ್ತಾಳೆ ನಾರು

ನಾನು ಸುಳ್ಳು ಬರೆದಿರಬಹುದು ಎಂಬ ಅನುಮಾನವನ್ನು ಬಹಳ ಮರ್ಯಾದೆಯ ಮಾತುಗಳಲ್ಲಿ ತಿಳಿಸಿದ ಒಂದು ಪತ್ರದ ದೆಸೆಯಿಂದ ನಾನು ಜರ್ಮನಿ ನೋಡುವಂತಾಯಿತು.

ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಪ್ಲಾಸ್ಟಿಕ್ಕಿನೊಳಗೆ ಗಿಡದ ನಾರು ಸೇರಿಸಿ ಅದನ್ನು ಗಟ್ಟಿ ಮಾಡುವುದು ನನ್ನ ಸಂಶೋಧನೆ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಮೆತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಜಾಗದಲ್ಲಿ ಪ್ಲಾಸ್ಟಿಕ್, ಹುಲ್ಲಿನ ಜಾಗದಲ್ಲಿ ಕತ್ತಾಳೆ ನಾರು. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ನಾರು ಹಾಸಿ, ಕಾಯಿಸಿ, ಒತ್ತಿದರೆ ತಗಡಿನಂಥ ಹಲಗೆ ಸಿಗುತ್ತದೆ. ಕಾರಿನ ಬಾಗಿಲ ಒಳಮೈಗೆ ಇಂಥ ಹಲಗೆ ಬೇಕು. ನಮ್ಮ ಹಲಗೆ ಎಷ್ಟು ಭಾರ ತಡೆಯಿತು ಎಂದು ನಾನೊಂದು ಲೇಖನ ಬರೆದಿದ್ದೆ. ಅದನ್ನು ಓದಿದ ಪ್ರೊಫೆಸರ್ ಹೆಲ್ಗಾ ಎಂಬವರು ತಮಗೂ ಒಂದಿಷ್ಟು ನಾರು ಕಳಿಸಲು ಕೇಳಿದರು. ಕಳಿಸಿದೆವು. ಮೂರು ತಿಂಗಳ ಮೇಲೆ ಪತ್ರ ಬಂತು.

‘ನಿಮಗೆ ಬಂದ ಫಲಿತಾಂಶ ನಮಗೆ ಬರುತ್ತಿಲ್ಲ. ಹಲಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತಿದೆ. ಬಹುಶಃ ನಮ್ಮ ಕಡೆಯೇ ಏನೋ ತಪ್ಪಿರಬಹುದು. ದಯವಿಟ್ಟು ಬಂದು ನಿಮ್ಮ ಕೈಯಾರೆ ಮಾಡಿ ತೋರಿಸುತ್ತೀರಾ? ನಾರು ತೆಗೆಯುವವರನ್ನೂ ಕರೆತಂದರೆ ನಮಗೆ ಸಂತೋಷ.’

ನಮ್ಮ ವಿಭಾಗದ ಮುಖ್ಯಸ್ಥರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ಇದು ಆಹ್ವಾನ ಅಲ್ಲಮ್ಮ ಶೈಲಜಾ, ನೋಟೀಸು. ಅಲ್ಲಿ ಹೋಗಿ ಮಾಡಿದ್ದೂ ಬಿಟ್ಟುಕೊಂಡರೆ ಲೇಖನ ವಾಪಸ್ ತಗೋಬೇಕಾಗ್ತದೆ.”

ವಾಪಸ್ ತೆಗೆದುಕೊಂಡರೆ ಹೋಗುವುದು ನನ್ನ ಮಾನ ಮಾತ್ರ ಆಗಿರಲಿಲ್ಲ. ಊರೂರಿಗೂ ನೈಲಾನ್ ಹಗ್ಗ ಬಂದ ಮೇಲೆ ಕತ್ತಾಳೆ ನಾರನ್ನು ಕೇಳುವವರೇ ಇರಲಿಲ್ಲ. ನಮಗೆ ನಾರು ತೆಗೆದುಕೊಡುವ ಜವರಮ್ಮನ ಗುಂಪಿಗೆ ನಮ್ಮ ಲ್ಯಾಬೊಂದೇ ಗಿರಾಕಿ.

ಚನ್ನರಾಯಪಟ್ಟಣ

ಜವರಮ್ಮ ದಂಡಿಗನಹಳ್ಳಿ ಹೋಬಳಿಯ ಒಂದು ಹಳ್ಳಿಯವರು. ವಯಸ್ಸು ಐವತ್ತೈದರ ಆಸುಪಾಸು. ಕತ್ತಾಳೆ ಪಟ್ಟೆಯನ್ನು ಕಟ್ಟೆ ನೀರಿನಲ್ಲಿ ಕೊಳೆಹಾಕಿ, ಬಡಿದು, ತೊಳೆದು ನಾರು ತೆಗೆಯುವ ಏಳೆಂಟು ಹೆಂಗಸರಿಗೆ ಅವರೇ ಮುಂದಾಳು. ನಾನು ಹಾಸನದಲ್ಲಿ ಬಸ್ಸು ಹತ್ತಿ ಬರುವುದು, ಅವರು ಚನ್ನರಾಯಪಟ್ಟಣದಲ್ಲಿ ಹತ್ತುವುದು ಎಂದು ಮಾತಾಗಿತ್ತು. ಕಿಟಕಿಯಿಂದ ನೋಡಿದರೆ ಹಸಿರು ಸೀರೆ, ಮೇಲೊಂದು ಗಂಡಸರ ಸ್ವೆಟರು, ಕಾಲಿಗೆ ಅಚ್ಚ ಬಿಳಿ ಬೂಟು, ಕೈಯಲ್ಲಿ ಸೂಟ್‌ಕೇಸು, ತಲೆಯ ಮೇಲೆ ಬಿಳಿ ಪಂಚೆಯಲ್ಲಿ ಸುತ್ತಿದ ಉದ್ದನೆಯ ಹೊರೆ.

“ನಾರನ್ನ ಸೂಟ್‌ಕೇಸಲ್ಲಿ ಇಡಿ ಅಂದಿದ್ನಲ್ಲ ಜವರಮ್ಮ?” ಎಂದೆ.

“ಮಡಚುದ್ರೆ ಎಳೆ ಮುರ್ದೋಯ್ತದೆ ಮೇಡಮ್ಮೋರೆ. ಸೀರೆ ಮಡಚ್ಬೋದು, ಅದುಕ್ಕೆ ಸೀರೆ ಪೆಟ್ಟಿಗೇಲಿ ಮಡಗಿವ್ನಿ.”

ಕಂಡಕ್ಟರು ಬಂದು ಹೊರೆಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, “ಇದುಕ್ಕೆ ಲಗೇಜ್ ಆಯ್ತದೆ. ಎಲ್ಲಿಗೆ ಓಗ್ಬೇಕು ಇದು?” ಎಂದ.

“ಜರ್ಮನಿಗೆ,” ಎಂದರು ಜವರಮ್ಮ.

ಅವನು ಮಷಿನ್ನಿನಿಂದ ತಲೆ ಎತ್ತಲಿಲ್ಲ. “ನಮ್ದು ಬೆಂಗ್ಳೂರು ಗಂಟ ಅಷ್ಟೆ ಕಣಮ್ಮ. ಮುಂದುಕ್ಕೆ ಅಲ್ಲೇ ತಗೊಳಿ.”

ಇಳಿದ ನಿಲ್ದಾಣ

ವಿಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಜವರಮ್ಮ ಕುಳಿತ ಹತ್ತು ನಿಮಿಷಕ್ಕೆ ನಿದ್ದೆ ಹೋದರು, ಇಳಿಯುವ ಹತ್ತು ನಿಮಿಷ ಮೊದಲು ಎದ್ದರು. ಕಿಟಕಿಯ ಪಕ್ಕ ಕೂತು ಭಯಪಟ್ಟವಳು ನಾನು.

ಸಾಮಾನು ಬರುವ ಬೆಲ್ಟಿನ ಮೇಲೆ ಎಲ್ಲರ ಪೆಟ್ಟಿಗೆ ಬಂದಾದ ಮೇಲೆ ನಮ್ಮ ಹೊರೆ ಒಂದೇ ನಿಧಾನಕ್ಕೆ ಬಂತು. ಬಿಳಿ ಬಟ್ಟೆ ಸುತ್ತಿ, ಮೂರು ಕಡೆ ಕಟ್ಟಿ, ಉದ್ದಕ್ಕೆ ಮಲಗಿಸಿದ ಅದನ್ನು ನೋಡಿ ಸುತ್ತ ನಿಂತವರು ಎರಡೆರಡು ಹೆಜ್ಜೆ ಹಿಂದೆ ಸರಿದರು. ಒಬ್ಬರು ಟೋಪಿ ಕೂಡ ತೆಗೆದರು.

ಸುಂಕದ ಅಧಿಕಾರಿ ಒಳಗೇನಿದೆ ಎಂದು ಕೇಳಿದ. ನಾನು ಕಾಲೇಜಿನ ಪತ್ರ ಕೊಟ್ಟೆ. ಆ ಪತ್ರವನ್ನು ನಾನೇ ಟೈಪ್ ಮಾಡಿದ್ದೆ; ಹಳೆಯ ಪುಸ್ತಕದಲ್ಲಿ ಇರುವಂತೆ ಕತ್ತಾಳೆಗೆ ‘ಸೀಸಲ್ ಹೆಂಪ್’ ಎಂದು ಬರೆದಿದ್ದೆ. ಹೆಂಪ್ ಎಂದರೆ ಗಾಂಜಾದ ಗಿಡಕ್ಕೂ ಅದೇ ಹೆಸರು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ನೆನಪಾದದ್ದು ಅಧಿಕಾರಿಯ ಮುಖದ ನಗು ಮಾಯವಾದ ಮೇಲೆ. ಅವನು ಫೋನ್ ಮಾಡಿದ. ಒಂದು ನಾಯಿ ಬಂತು.

ನಾಯಿ ಹೊರೆಯನ್ನು ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ನೆಕ್ಕತೊಡಗಿತು. ಗಾಂಜಾ ಸಿಕ್ಕರೆ ಆ ನಾಯಿ ಸುಮ್ಮನೆ ಕೂರಬೇಕಂತೆ, ಸಿಗದಿದ್ದರೆ ಮುಂದೆ ಹೋಗಬೇಕಂತೆ. ನೆಕ್ಕಿದರೆ ಏನರ್ಥ ಎಂದು ಅದನ್ನು ಹಿಡಿದಿದ್ದವನಿಗೂ ತಿಳಿಯಲಿಲ್ಲ. ಅವನು ಜಗ್ಗಿದ, ನಾಯಿ ಬರಲಿಲ್ಲ.

ನಾನು ಇಂಗ್ಲಿಷಿನಲ್ಲಿ ವಿವರಿಸುತ್ತಲೇ ಇದ್ದೆ. ಜವರಮ್ಮ ನನ್ನ ಇಂಗ್ಲಿಷು ಮುಗಿಯುವವರೆಗೆ ಕಾಯಲಿಲ್ಲ. ಹೊರೆಯಿಂದ ಒಂದು ಹಿಡಿ ನಾರು ಎಳೆದು, ಅಲ್ಲೇ ನೆಲದ ಮೇಲೆ ಕೂತು, ಸೀರೆ ಸ್ವಲ್ಪ ಎತ್ತಿ ತೊಡೆಯ ಮೇಲೆ ಹೊಸೆದರು. ಎರಡು ನಿಮಿಷದಲ್ಲಿ ಮೊಳದುದ್ದದ ಹಗ್ಗವಾಯಿತು. ಒಂದು ತುದಿಯನ್ನು ಅಧಿಕಾರಿಯ ಕೈಗೆ ಕೊಟ್ಟು, “ಎಳೀರಿ ಸಾ,” ಎಂದರು. ಅವನು ಎಳೆದ. ಇನ್ನೊಬ್ಬನನ್ನು ಕರೆದು ಇನ್ನೊಂದು ತುದಿ ಕೊಟ್ಟ. ಇಬ್ಬರೂ ಎಳೆದರು. ಆಮೇಲೆ ನಮ್ಮನ್ನು ಹೋಗಲು ಬಿಟ್ಟರು. ಅಧಿಕಾರಿ ಹಗ್ಗ ವಾಪಸ್ ಕೊಡಲು ಬಂದರೆ ಜವರಮ್ಮ, “ಇರ್ಲಿ ಸಾ, ನಾಯಿ ಕಟ್ಟಾಕಾಯ್ತದೆ,” ಎಂದರು.

ನಾಯಿ ಯಾಕೆ ನೆಕ್ಕಿತು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಗುರುವಾರ, ಎಲ್ಬೆ ದಂಡೆ

ನಾವು ಹೋದ ಊರು ಎಲ್ಬೆ ನದಿಯ ದಂಡೆಯಲ್ಲಿದೆ. ಹೊಳೆನರಸೀಪುರದಲ್ಲಿ ಹೇಮಾವತಿ ದಾಟುವಾಗ ಬಸ್ಸಿನ ತುಂಬ ಜನ ಒಮ್ಮೆಯಾದರೂ ನೀರು ಎಷ್ಟಿದೆ ಎಂದು ನೋಡಿ ಒಂದು ಮಾತು ಆಡುತ್ತಾರೆ. ಇಲ್ಲಿ ರೈಲು ಅಷ್ಟು ದೊಡ್ಡ ನದಿಯ ಪಕ್ಕದಲ್ಲೇ ಓಡುತ್ತಿದ್ದರೂ ಯಾರೂ ಏನೂ ಅನ್ನಲಿಲ್ಲ. ಬೋಗಿಯಲ್ಲಿ ಐವತ್ತು ಜನ ಇದ್ದರು, ಮಾತಾಡುತ್ತಿದ್ದವರು ಜವರಮ್ಮ ಒಬ್ಬರೇ.

“ಯಾರಾರ ತೀರೋಗವ್ರಾ ಮೇಡಮ್ಮೋರೆ?”

“ಇಲ್ಲ, ಇಲ್ಲಿ ಹೀಗೇ.”

ಸ್ಟೇಷನ್ನಿನಿಂದ ಗೆಸ್ಟ್ ಹೌಸಿಗೆ ನಡೆಯುವಾಗ ಒಂದು ರಸ್ತೆ ದಾಟಬೇಕಿತ್ತು. ಎರಡೂ ಕಡೆ ಕಣ್ಣು ಹಾಯುವವರೆಗೆ ಒಂದು ಗಾಡಿಯೂ ಇರಲಿಲ್ಲ, ಆದರೂ ಕೆಂಪು ದೀಪ ಇದೆ ಎಂದು ನಾಲ್ಕು ಜನ ಈ ಕಡೆ, ಮೂರು ಜನ ಆ ಕಡೆ ಕಂಬಗಳಂತೆ ನಿಂತಿದ್ದರು. ಹಾಸನದ ಬಸ್ ನಿಲ್ದಾಣದ ಮುಂದೆ ರಸ್ತೆ ದಾಟಿ ಬೆಳೆದ ನನಗೆ ಕಾಲು ತುರಿಸಿತು. ಜವರಮ್ಮ ಮಾತ್ರ ಹೊರೆ ಹೊತ್ತು ನೆಮ್ಮದಿಯಾಗಿ ನಿಂತರು. “ದೀಪ ಏಳ್ತದೆ, ಜನ ಕೇಳ್ತಾರೆ. ಬೋ ಚಂದಾಗದೆ,” ಎಂದರು.

ನಮ್ಮ ಕೋಣೆ ಮೂರು ಮಹಡಿಯ ಹಳೆಯ ಮನೆಯೊಂದರ ಎರಡನೇ ಮಹಡಿಯಲ್ಲಿತ್ತು. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಶಬ್ದ ಮಾಡಬೇಡಿ ಎಂದು ಬೀಗದ ಕೈ ಜೊತೆಗೇ ಒಂದು ಚೀಟಿ ಕೊಟ್ಟಿದ್ದರು.

ಶುಕ್ರವಾರ, ಲ್ಯಾಬ್

ಪ್ರೊಫೆಸರ್ ಹೆಲ್ಗಾ ಎತ್ತರದ, ಬಿಳಿ ಕೂದಲಿನ ಹೆಂಗಸು. ನಗುವುದು ಕಡಿಮೆ. ಮಾತಾಡಿದರೆ ಪ್ರತಿ ವಾಕ್ಯವನ್ನೂ ತೂಗಿ ಇಟ್ಟಂತೆ. ಅವರ ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುವ ಯುವೆ ಎಂಬವನು ಅವರಿಗೆ ತದ್ವಿರುದ್ಧ. ದಪ್ಪ ಮನುಷ್ಯ, ಮಾತುಗಾರ. ಅವನೇ ನಮ್ಮ ನಾರಿನಿಂದ ಮಾಡಿದ ಹಲಗೆಯನ್ನು ತಂದು ಮೇಜಿನ ಮೇಲಿಟ್ಟ. ಉಗುರು ಹಾಕಿ ಮೂಲೆ ಎತ್ತಿದ. ಬಾಳೆದಿಂಡಿನ ಪೊರೆಯಂತೆ ಪದರ ಬಂತು. ನಾರು ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ. ಒಂದಕ್ಕೊಂದು ಪರಿಚಯವೇ ಇಲ್ಲದಂತೆ.

ಹೆಲ್ಗಾ ನನ್ನ ಲೇಖನ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. “ನಾರಿಗೆ ಯಾವ ಸಂಸ್ಕರಣೆಯನ್ನೂ ಮಾಡಿಲ್ಲ ಎಂದು ಬರೆದಿದ್ದೀರಿ. ಹಸಿ ನಾರು ಪ್ಲಾಸ್ಟಿಕ್ಕನ್ನು ಇಷ್ಟು ಬಿಗಿಯಾಗಿ ಹಿಡಿದದ್ದನ್ನು ನಾನು ಎಲ್ಲೂ ನೋಡಿಲ್ಲ.”

ನಾನು ಆ ಸಾಲನ್ನು ಮತ್ತೆ ಓದಿದೆ. ಅಷ್ಟರಲ್ಲಿ ಯುವೆ, “ಒಂದು ವಿಚಿತ್ರ ಹೇಳಲಾ? ಇದನ್ನು ಕಾಯಿಸಿ ಒತ್ತಿದ ದಿನ ಲ್ಯಾಬಿನ ತುಂಬ ಕ್ರಿಸ್‌ಮಸ್ ಬಿಸ್ಕತ್ತಿನ ವಾಸನೆ. ನಮ್ಮಮ್ಮ ಕೊಬ್ಬರಿ ಹಾಕಿ ಮಾಡುತ್ತಿದ್ದಳು, ಅದೇ ವಾಸನೆ,” ಎಂದ.

ಜವರಮ್ಮ ಬೇಸರಪಡಬಾರದೆಂದು ಇದನ್ನೂ ಕನ್ನಡಕ್ಕೆ ಹೇಳಿದೆ. ಅವರ ಮುಖ ಅರಳಿತು.

“ಮತ್ತೆ? ಗಾಣದ್ ಎಣ್ಣೆ ಅಲ್ವಾ.”

“ಯಾವ ಎಣ್ಣೆ?”

“ಕೊಬ್ರಿ ಎಣ್ಣೆ ಕಣ್ ಮೇಡಮ್ಮೋರೆ. ಪರದೇಸಕ್ಕೆ ಓಗೋ ನಾರು ಅಂದ್ರಿ. ಕೆದ್ರುದ್ ಜುಟ್ಟಂಗೆ ಕಳ್ಸಾಕಾಯ್ತದಾ? ಎಲ್ರೂವೆ ಕುಂತು ಎಳೆ ಎಳೆಗೂ ಎಣ್ಣೆ ಸವ್ರಿ, ಬಾಚಿ ಕಳುಸ್ದೊ. ಮದ್ವೆ ಎಣ್ಣಿನ್ ತಲೇನೂ ಅಷ್ಟು ಬಾಚಿಲ್ಲ.”

“ಈಗ ತಂದಿರೋದು?”

“ಇದುಕ್ಕಿನ್ನೂ ಒಂದ್ ಕೈ ಜಾಸ್ತೀನೇ ಆಕಿವ್ನಿ. ನಾವೇ ಬತ್ತಿದ್ದೀವಲ್ಲ.”

“ಹಾಸನದಲ್ಲಿ ನನಗೆ ಕೊಡ್ತಿದ್ರಲ್ಲ, ಅದಕ್ಕೆ?”

“ನಿಮ್ಗ್ಯಾಕೆ ಎಣ್ಣೆ? ನೀವು ನಮ್ಮೋರಲ್ವಾ. ನಿಮ್ದು ಬರೀ ಬೂದಿ ನೀರಲ್ಲಿ ತೊಳ್ದದ್ದು.”

“ಬೂದಿ ನೀರಾ?”

“ಬೂದಿ ನೀರಲ್ಲಿ ಒಂದಿನ ನೆನ್ಸಿ ತೊಳೀದಿದ್ರೆ ನಾರು ನವೆ ಬತ್ತದೆ. ಅಂಥ ಹಗ್ಗ ಕಟ್ಟುದ್ರೆ ದನದ್ ಕತ್ತು ಏನಾಗ್ಬೇಕು? ನಮ್ಮವ್ವನ್ ಕಾಲ್ದಿಂದ್ಲೂ ಅಂಗೇಯ. ಅದೂ ಗೊತ್ತಿಲ್ವಾ ನಿಮ್ಗೆ?”

ಗೊತ್ತಿರಲಿಲ್ಲ. ಬೂದಿ ನೀರು ಎಂದರೆ ಕ್ಷಾರ. ಅದು ನಾರಿನ ಮೇಲಿನ ಮೇಣವನ್ನು ತೆಗೆದು ಮೈ ತರಿ ತರಿ ಮಾಡುತ್ತದೆ, ಪ್ಲಾಸ್ಟಿಕ್ಕಿಗೆ ಹಿಡಿದುಕೊಳ್ಳಲು ಜಾಗ ಸಿಗುತ್ತದೆ. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆದರೆ ಜವರಮ್ಮನ ಕಟ್ಟೆಯ ಹತ್ತಿರ ಒಂದು ದಿನವೂ ಹೋದವಳಲ್ಲ. ಕೊಳೆತ ಕತ್ತಾಳೆಯ ನಾತ ಎಂಥದ್ದು ಎಂದು ಹಳೇಕೋಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದ ನನಗೆ ಗೊತ್ತು. ಎರಡು ವರ್ಷ ಹೊರೆ ಕಾಲೇಜಿನ ಗೇಟಿಗೇ ಬರುತ್ತಿತ್ತು. ನಾನು ಅದನ್ನು ಅಲ್ಲಿಂದ ಒಳಗೆ ತೆಗೆದುಕೊಂಡು, ‘ಯಾವ ಸಂಸ್ಕರಣೆಯನ್ನೂ ಮಾಡಿಲ್ಲ’ ಎಂದು ಬರೆದಿದ್ದೆ.

“ಅವರು ಏನು ಹೇಳಿದರು?” ಎಂದು ಹೆಲ್ಗಾ ಕೇಳಿದರು.

ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. “ನಾರು ಚೆನ್ನಾಗಿ ಕಾಣಲಿ ಎಂದು ಕೊಬ್ಬರಿ ಎಣ್ಣೆ ಹಚ್ಚಿದ್ದಾರಂತೆ,” ಎಂದೆ. ಬೂದಿಯ ಮಾತು ಎತ್ತಲಿಲ್ಲ.

ಯುವೆ ಹೊಟ್ಟೆ ಹಿಡಿದು ನಕ್ಕ. ಹೆಲ್ಗಾ ಎಣ್ಣೆ ತೆಗೆಯುವ ದ್ರಾವಣದಲ್ಲಿ ತೊಳೆದು ಸೋಮವಾರ ಮತ್ತೆ ಮಾಡೋಣ ಎಂದರು. ಹಾಗೆ ತೊಳೆದರೆ ಎಣ್ಣೆ ಹೋಗುತ್ತದೆ, ಬೂದಿಯ ಗುಣ ಉಳಿಯುತ್ತದೆ, ಹಲಗೆ ಗಟ್ಟಿ ಬರುತ್ತದೆ, ನನ್ನ ಲೇಖನ ಬದುಕುತ್ತದೆ. ಯಾರಿಗೂ ತಿಳಿಯುವುದಿಲ್ಲ. ಕೋಣೆಗೆ ಬರುವ ದಾರಿಯುದ್ದಕ್ಕೂ ಇದನ್ನೇ ನನಗೆ ನಾನು ಹೇಳಿಕೊಂಡೆ.

ಸಂಜೆ ಅನ್ನ ಬೇಯಿಸುತ್ತ ಜವರಮ್ಮ ಕೇಳಿದರು: “ಬೂದಿ ವಿಚಾರ ಏಳ್ನಿಲ್ವಾ ಮೇಡಮ್ಮೋರೆ?”

“ಯಾಕೆ ಹಾಗಂತೀರಿ?”

“ನಾನೇಳಿದ್ದು ಉದ್ದ ಇತ್ತು. ನೀವೇಳಿದ್ದು ಗಿಡ್ಡಕ್ಕಿತ್ತು.”

ಶನಿವಾರ, ಆಲೂಗಡ್ಡೆ

ಶನಿವಾರ ಹೆಲ್ಗಾ ನಮ್ಮನ್ನೂ ಯುವೆಯನ್ನೂ ಊಟಕ್ಕೆ ಕರೆದಿದ್ದರು. ಮೊದಲು ಆಲೂಗಡ್ಡೆ ಸಾರು ಬಂತು. ಆಮೇಲೆ ಬೇಯಿಸಿದ ಆಲೂಗಡ್ಡೆ. ಅದರ ಪಕ್ಕಕ್ಕೆ ಆಲೂಗಡ್ಡೆಯ ಕೋಸಂಬರಿಯಂಥದ್ದು. ಅರಕಲಗೂಡಿನ ನನ್ನ ಅತ್ತೆಯ ಮನೆಯವರು ತಲೆಮಾರಿನಿಂದ ಆಲೂಗಡ್ಡೆ ಬೆಳೆದವರು; ಅವರೂ ಇಷ್ಟು ಭಕ್ತಿಯಿಂದ ಅದನ್ನು ತಿಂದದ್ದು ನಾನು ಕಂಡಿಲ್ಲ. ಜವರಮ್ಮ ಬ್ಯಾಗಿನಿಂದ ಉಪ್ಪಿನಕಾಯಿ ಸೀಸೆ ತೆಗೆದು ಮೇಜಿನ ನಡುವೆ ಇಟ್ಟರು. ಯುವೆ ಒಂದು ಚಮಚ ಪೂರ್ತಿ ಬಾಯಿಗೆ ಹಾಕಿಕೊಂಡು, ಕಣ್ಣೀರು ಸುರಿಸುತ್ತ, ಇನ್ನೊಂದು ಚಮಚ ಹಾಕಿಕೊಂಡ.

ಜವರಮ್ಮ ನನ್ನನ್ನೇ ನೋಡುತ್ತಿದ್ದರು. ಬೈಯುವ ನೋಟವಲ್ಲ. ಬಸ್ಸಿನಲ್ಲಿ ಇಳಿಯಬೇಕಾದ ಸ್ಟಾಪು ಬಂದರೂ ಕೂತೇ ಇರುವವರನ್ನು ಪಕ್ಕದವರು ನೋಡುತ್ತಾರಲ್ಲ, ಹಾಗೆ.

“ಪ್ರೊಫೆಸರ್, ನಿನ್ನೆ ನಾನು ಅರ್ಧ ಹೇಳಿದೆ,” ಎಂದೆ. ಉಳಿದರ್ಧವನ್ನು ಹೇಳಿದೆ. ಬೂದಿ ನೀರು, ಒಂದು ದಿನ ನೆನೆಸುವುದು, ನಾನು ಕಟ್ಟೆಗೆ ಹೋಗದೇ ಇದ್ದದ್ದು, ಕೇಳದೇ ಬರೆದದ್ದು.

ಹೆಲ್ಗಾ ತಮ್ಮ ಫೋರ್ಕನ್ನು ಕೆಳಗಿಟ್ಟರು. ಆಮೇಲೆ ಜವರಮ್ಮನ ಕಡೆ ತಿರುಗಿ, “ಯಾವ ಮರದ ಬೂದಿ?” ಎಂದರು.

“ತೆಂಗಿನ ಗರಿ, ಮಟ್ಟೆ. ಅದಿಲ್ದಿದ್ರೆ ಗಟ್ಟಿ ಸೌದೆದು,” ಎಂದರು ಜವರಮ್ಮ.

“ಹಾಗಾದರೆ ದ್ರಾವಣ ಬೇಡ,” ಎಂದರು ಹೆಲ್ಗಾ. “ಇವರು ಮಾಡುವ ಹಾಗೆಯೇ ಮಾಡೋಣ. ನನ್ನ ಕಣ್ಣೆದುರಿಗೆ. ಬೂದಿ ಹುಡುಕಿ.”

ತೆಂಗಿನ ಮರವಿಲ್ಲದ ಊರಿನಲ್ಲಿ, ಮನೆ ಮನೆಗೂ ಕರೆಂಟಿನ ಒಲೆ ಇರುವ ಕಡೆ, ಒಂದು ಬಕೆಟ್ ಬೂದಿ ಹುಡುಕುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಯುವೆ ತನ್ನ ಮನೆ ಹಿಂದೆ ಮಾಂಸ ಸುಡುವ ಒಲೆಯಿಂದ ಒಂದು ಚೀಲ ತಂದ. ಜವರಮ್ಮ ಚಿಟಿಕೆ ತೆಗೆದು, ನೀರು ಹನಿಸಿ, ಬೆರಳ ನಡುವೆ ಉಜ್ಜಿದರು.

“ಇದ್ರಲ್ಲಿ ಜಿಡ್ಡೂ ಇದ್ಲೂ ಬಿಟ್ರೆ ಇನ್ನೇನಿಲ್ಲ. ಜಾರಲ್ಲ. ಬಿಸಾಕಪ್ಪ,” ಎಂದರು. ಅನುವಾದ ಬೇಕಾಗಲಿಲ್ಲ, ಯುವೆ ಚೀಲ ಎತ್ತಿಕೊಂಡು ಹೋದ.

ಭಾನುವಾರ, ಕೆಳಗಿನ ಮನೆ

ಭಾನುವಾರ ಆ ದೇಶದಲ್ಲಿ ಶಬ್ದ ಮಾಡಬಾರದು. ಮೊಳೆ ಹೊಡೆಯಬಾರದು, ಹುಲ್ಲು ಕತ್ತರಿಸುವ ಯಂತ್ರ ಓಡಿಸಬಾರದು. ಇದು ನನಗೆ ಗೊತ್ತಿತ್ತು. ಜವರಮ್ಮನಿಗೆ ಹೇಳುವುದು ಮರೆತಿದ್ದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರು ಹೊರೆ ಬಿಚ್ಚಿ, ಎಣ್ಣೆಗೆ ಅಂಟಿಕೊಂಡಿದ್ದ ಎಳೆಗಳನ್ನು ಬಿಡಿಸಲು ಕಲ್ಲಿನ ಮೆಟ್ಟಿಲ ಮೇಲೆ ಹಾಕಿ, ಅಡುಗೆಮನೆಯ ಲಟ್ಟಣಿಗೆಯಿಂದ ದಬದಬ ಬಡಿಯುತ್ತಿದ್ದರು. ಇಡೀ ಮನೆ ಅದುರುತ್ತಿತ್ತು.

ಕೆಳಗಿನ ಬಾಗಿಲು ತೆರೆಯಿತು. ಊರುಗೋಲು ಹಿಡಿದ ಅಜ್ಜಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಎಂಬತ್ತು ದಾಟಿರಬೇಕು. ನನ್ನನ್ನು ನೋಡಿ “ಸೊನ್‌ಟಾಗ್” ಎಂದರು. ಭಾನುವಾರ ಎಂದರ್ಥ. ಅಷ್ಟೊಂದು ಸಿಟ್ಟಿನಿಂದ ಯಾರಾದರೂ ವಾರದ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನು ಕೈಮುಗಿದು ಸಾರಿ ಸಾರಿ ಎಂದೆ.

ಜವರಮ್ಮ ಅಷ್ಟು ಹೊತ್ತಿಗೆ ಬಡಿಯುವುದು ನಿಲ್ಲಿಸಿ ಒಂದು ಹಿಡಿ ನಾರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಜ್ಜಿಯ ಕಣ್ಣು ಅದರ ಮೇಲೆ ಬಿತ್ತು. ಬಂದು ನಾರನ್ನು ಮುಟ್ಟಿದರು. ಬೆರಳಿಗೆ ಸುತ್ತಿದರು. “ಫ್ಲಾಕ್ಸ್?” ಎಂದರು. ಅಗಸೆ ನಾರಿಗೆ ಅವರ ಭಾಷೆಯಲ್ಲಿ ಆ ಹೆಸರು. ಆಮೇಲೆ ಊರುಗೋಲನ್ನೇ ಎತ್ತಿ ಬಡಿಯುವಂತೆ ಅಭಿನಯಿಸುತ್ತ ಉದ್ದನೆಯ ಕಥೆ ಶುರುಮಾಡಿದರು. ಅವರ ಅಜ್ಜಿ ಅಗಸೆ ಗಿಡವನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು, ಬಾಚಿ ನಾರು ತೆಗೆಯುತ್ತಿದ್ದರೆಂದು ನನಗೆ ಆಮೇಲೆ ಹೆಲ್ಗಾ ಹೇಳಿದ ಮೇಲೆ ತಿಳಿಯಿತು. ಜವರಮ್ಮನಿಗೆ ಆಗಲೇ ತಿಳಿದಿತ್ತು. “ಊಂ. ಮತ್ತೆ? ನಾತ ಒಡೀತಿತ್ತಾ? ಒಡೀದೆ ಇದ್ದದಾ,” ಎನ್ನುತ್ತ ಮೂಗು ಹಿಡಿದು ತೋರಿಸಿದರು. ಅಜ್ಜಿಯೂ ಮೂಗು ಹಿಡಿದುಕೊಂಡು ನಕ್ಕರು. ಒಬ್ಬರು ಜರ್ಮನ್, ಒಬ್ಬರು ಕನ್ನಡ; ಅವರ ನಡುವೆ ಏನೂ ಅರ್ಥವಾಗದೆ ನಿಂತವಳು ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ನಾನೊಬ್ಬಳೇ.

ಅಜ್ಜಿ ಊರುಗೋಲನ್ನು ಗೋಡೆಗೆ ಒರಗಿಸಿ, ಜವರಮ್ಮನ ಕೈಯಿಂದ ಲಟ್ಟಣಿಗೆ ಇಸಿದುಕೊಂಡು, ಮೆಟ್ಟಿಲ ಮೇಲೆ ಕೂತು ತಾವೇ ಬಡಿಯತೊಡಗಿದರು. ಮೇಲಿನ ಮಹಡಿಯವರು ಬಾಗಿಲು ತೆರೆದು ಇಣುಕಿದರು. ಅಜ್ಜಿ ತಲೆ ಎತ್ತಿ ನೋಡಿದ ನೋಟಕ್ಕೆ ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಹಿತ್ತಲಿನಲ್ಲಿ ಒಟ್ಟಿದ್ದ ಸೌದೆಯನ್ನು ಜವರಮ್ಮ ಬಂದ ದಿನವೇ ನೋಡಿಟ್ಟಿದ್ದರಂತೆ. ಅದನ್ನು ಬೆರಳಿನಲ್ಲಿ ತೋರಿಸಿ, ಊದುವಂತೆ ಮಾಡಿ, ಅಂಗೈ ಮೇಲೆ ಏನೋ ಇರುವಂತೆ ತೋರಿಸಿದರು. ಅಜ್ಜಿ ತಮ್ಮ ಮನೆಯೊಳಗೆ ಕರೆದೊಯ್ದರು. ಅಲ್ಲಿ ಚಳಿಗೆ ಕಾಯಿಸುವ, ಹಳೆಯ ಕಾಲದ ಸೌದೆ ಒಲೆ ಇತ್ತು. ಪಕ್ಕದಲ್ಲಿ ತಗಡಿನ ಡಬ್ಬಿಯ ತುಂಬ ಬೂದಿ. ಜವರಮ್ಮ ಚಿಟಿಕೆ ತೆಗೆದು ನೀರು ಹನಿಸಿ ಉಜ್ಜಿದರು. ಬೆರಳು ಜಾರಿತು.

“ಇದು ಬೂದಿ,” ಎಂದರು.

ಫೋನ್ ಮಾಡಿದ ಅರ್ಧ ಗಂಟೆಗೆ ಹೆಲ್ಗಾ ಸೈಕಲ್ಲಿನಲ್ಲಿ ಬಂದರು. ಹಿತ್ತಲಿನಲ್ಲಿ ಬಕೆಟ್ಟಿಗೆ ಬೂದಿ ಕಲಸಿ, ಬಟ್ಟೆಯಲ್ಲಿ ಸೋಸಿ ತಿಳಿ ಮಾಡಿದ್ದೆವು. ಹೆಲ್ಗಾ ಕ್ಷಾರ ಅಳೆಯುವ ಕಾಗದ ಅದ್ದಿದರು. ಜವರಮ್ಮ ಬೆರಳು ಅದ್ದಿದರು. ಕಾಗದ ನೀಲಿಯಾಯಿತು. ಇಬ್ಬರೂ ಒಟ್ಟಿಗೇ ತಲೆಯಾಡಿಸಿದರು. ಹೆಲ್ಗಾ ಎಲ್ಲರಿಗೂ ಕೈಗವಸು ಕೊಟ್ಟರು. ಜವರಮ್ಮ ಹಾಕಿಕೊಂಡು, ಒಂದು ಸಲ ನಾರು ಹಿಂಡಿ, ಕಿತ್ತೆಸೆದರು. “ಇದಾಕ್ಕಂಡ್ರೆ ನಾರು ಏನೇಳ್ತದೆ ಅಂತ ಗೊತ್ತಾಗಕಿಲ್ಲ.”

ನಾನು ನೋಟ್‌ಬುಕ್ ಹಿಡಿದು ಬರೆದುಕೊಳ್ಳುತ್ತ ನಿಂತಿದ್ದೆ. ಎಷ್ಟು ಬೂದಿ, ಎಷ್ಟು ನೀರು, ಎಷ್ಟು ಹೊತ್ತು.

“ಅದ್ನ ಆಮ್ಯಾಕೆ ಬರ್ಕಳಿ,” ಎಂದರು ಜವರಮ್ಮ. “ಕೈ ಆಕಿ ಮೇಡಮ್ಮೋರೆ. ನೋಡ್ತಾ ನಿಂತ್ರೆ ಎಣ್ಣೆ ಓಯ್ತದಾ?”

ನೋಟ್‌ಬುಕ್ಕನ್ನು ಸೌದೆಯ ಮೇಲಿಟ್ಟು ಕೈ ಹಾಕಿದೆ. ಐಸಿನಂಥ ನೀರು. ಉಜ್ಜಿದಂತೆ ಎಣ್ಣೆಯೂ ಬೂದಿ ನೀರೂ ಸೇರಿ ನೊರೆ ಬಂತು. ನಮ್ಮ ಕೈಯಲ್ಲೇ ಸಾಬೂನು ಹುಟ್ಟುತ್ತಿತ್ತು. ಒಂದು ಗಂಟೆ ಹಿಸುಕಿ ಹಿಸುಕಿ, ನೀರು ಬದಲಾಯಿಸಿ, ಕೊನೆಗೆ ಹೊಸ ಬೂದಿ ನೀರಿನಲ್ಲಿ ನಾರನ್ನು ನೆನೆಯಲು ಬಿಟ್ಟೆವು. ನನ್ನ ಅಂಗೈ ಒಣಗಿದ ಕೆರೆಯಂತೆ ಬಿರಿದಿತ್ತು. ಜವರಮ್ಮನ ಕೈ ಮೊದಲು ಹೇಗಿತ್ತೋ ಹಾಗೇ ಇತ್ತು. ಆ ಕೈ ಯಾಕೆ ಹಾಗಿದೆ ಎಂದು ಎರಡು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.

ಮಂಗಳವಾರ, ಮುರಿಯುವ ಯಂತ್ರ

ಸೋಮವಾರ ನಾರನ್ನು ತೊಳೆದು ಒಣಗಿಸಿ, ಪ್ಲಾಸ್ಟಿಕ್ ಹಾಳೆಗಳ ನಡುವೆ ಹಾಸಿ ಕಾಯಿಸಿ ಒತ್ತಿದೆವು. ಬಿಸ್ಕತ್ತಿನ ವಾಸನೆ ಬರಲಿಲ್ಲ. ಯುವೆಗೆ ಸ್ವಲ್ಪ ಬೇಜಾರಾಯಿತು. ಮಂಗಳವಾರ ಬೆಳಿಗ್ಗೆ ಹಲಗೆಯನ್ನು ಕತ್ತರಿಸಿ ತುಂಡು ಮಾಡಿ, ಒಂದನ್ನು ಬಗ್ಗಿಸಿ ಮುರಿಯುವ ಯಂತ್ರದ ಮೇಲಿಟ್ಟರು.

“ಇಷ್ಟು ಚಂದಾಗಿ ಮಾಡಿ ಮುರಿಯಾದಾ?” ಎಂದು ಜವರಮ್ಮ ಕೇಳಿದರು.

ಮುರಿದರೆ ಮಾತ್ರ ಗಟ್ಟಿತನ ಗೊತ್ತಾಗುವುದು ಎಂದು ಯುವೆ ಹೇಳಿದ್ದನ್ನು ತಿಳಿಸಿದೆ.

“ನಾವು ಹಗ್ಗಾನ ಜಗ್ಗಿ ನೋಡ್ತೀವಿ. ಕಿತ್ತಾಕಿ ನೋಡಕಿಲ್ಲ,” ಎಂದು ಅವರು ಗೋಡೆಯ ಕಡೆ ತಿರುಗಿ ನಿಂತರು.

ಯಂತ್ರ ಮೇಲಿಂದ ಒತ್ತತೊಡಗಿತು. ಪರದೆಯ ಮೇಲೆ ಗೆರೆ ಏರುತ್ತ ಹೋಯಿತು. ಹಳೆಯ ಹಲಗೆ ಎಲ್ಲಿ ಬಿಟ್ಟುಕೊಂಡಿತ್ತೋ ಅಲ್ಲಿ ಯುವೆ ಮೊದಲೇ ಕೆಂಪು ಗುರುತು ಹಾಕಿದ್ದ. ಗೆರೆ ಅದನ್ನು ಮುಟ್ಟಿತು. ದಾಟಿತು. ಇನ್ನೂ ಏರಿತು. ಒಂದು ಚಟ್ ಎಂಬ ಶಬ್ದ ಬಂದಾಗ ಗೆರೆ ಕೆಂಪು ಗುರುತಿನಿಂದ ಬಹಳ ಮೇಲಿತ್ತು. ನಾನು ಲೇಖನದಲ್ಲಿ ಬರೆದ ಅಂಕಿಗೆ ಕೂದಲೆಳೆಯಷ್ಟು ಕೆಳಗೆ. ಇನ್ನೂ ನಾಲ್ಕು ತುಂಡು ಮುರಿದರು. ಎಲ್ಲವೂ ಅಲ್ಲಲ್ಲೇ ಬಂದವು. ಹೆಲ್ಗಾ ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರು. ನಾರು ಪ್ಲಾಸ್ಟಿಕ್ಕನ್ನು ಬಿಟ್ಟಿರಲಿಲ್ಲ, ಹಿಡಿದುಕೊಂಡೇ ಹರಿದಿತ್ತು.

“ಶೈಲಜಾ,” ಎಂದರು ಹೆಲ್ಗಾ. “ನಿಮ್ಮ ಫಲಿತಾಂಶ ಸರಿ. ನಿಮ್ಮ ಲೇಖನ ತಪ್ಪು.”

ಆ ವಾರದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ತಿದ್ದುಪಡಿ ಬರೆಯಲು ಅಲ್ಲೇ ಕೂತೆವು. ಬೂದಿ ನೀರಿನ ವಿವರ ಸೇರಿಸಿದೆ. ಲೇಖಕರ ಪಟ್ಟಿಯಲ್ಲಿ ಜವರಮ್ಮನ ಹೆಸರು ಇರಲೇಬೇಕು ಎಂದು ಹೆಲ್ಗಾ ಹೇಳಿದರು; ನಾನೂ ಅದನ್ನೇ ಹೇಳಬೇಕೆಂದಿದ್ದೆ. ಹಾಗೆಂದರೇನು ಎಂದು ಜವರಮ್ಮನಿಗೆ ವಿವರಿಸಿದೆ.

“ನಂದೊಂದೇ ಆಕುದ್ರೆ ಊರಿಗೋಗಾಕಿಲ್ಲ ನಾನು. ಬರ್ಕಳಿ. ಕೆಂಪಮ್ಮ. ಸಣ್ಣಮ್ಮ. ದೊಡ್ಡತಾಯಮ್ಮ. ಅವ್ಳ ಸೊಸೆ ರತ್ನ. ಚಿಕ್ಕಬೋರಮ್ಮ. ನಾನು.”

“ನಿಂಗಮ್ಮ ಅಂತ ಒಬ್ರು ಇದ್ರಲ್ಲ? ಗೇಟಿಗೆ ನಿಮ್ಮ ಜೊತೆ ಬರೋರು?”

“ಅವ್ಳುದ್ ಬ್ಯಾಡ. ಅವ್ಳು ನೀರಿಗೇ ಇಳ್ಯಾಕಿಲ್ಲ. ದಡದ್ ಮ್ಯಾಲೆ ಕುಂತು ಮಾತಾಡ್ತಾಳೆ.”

ಹೆಲ್ಗಾ ಕಾಯುತ್ತಿದ್ದರು. ಈ ಸಲ ನಾನು ಒಂದು ಮಾತನ್ನೂ ಬಿಡದೆ ಅನುವಾದಿಸಿದೆ: ನೀರಿಗೆ ಇಳಿಯದವರ ಹೆಸರು ಹಾಕುವುದು ಬೇಡವಂತೆ.

ಹೆಲ್ಗಾ ತಿರುಗಿ ಪರದೆಯ ಮೇಲಿದ್ದ ಹಳೆಯ ಲೇಖನವನ್ನು ನೋಡಿದರು. ಅದರಲ್ಲಿ ಎಲ್ಲಕ್ಕೂ ಮೇಲೆ, ದಪ್ಪ ಅಕ್ಷರದಲ್ಲಿ, ನನ್ನ ಹೆಸರೊಂದೇ ಇತ್ತು. ಯುವೆ ಕೆಮ್ಮಿ ಕಿಟಕಿಯ ಹೊರಗೆ ನೋಡಿದ.

ಜವರಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಎಲ್ಲರೂ ಯಾವ ಕಡೆ ನೋಡುತ್ತಿದ್ದಾರೆಂದು ತಿಳಿಯಲು ಅದು ಬೇಕಾಗಿರಲಿಲ್ಲ. ನನ್ನ ಬಿರಿದ ಅಂಗೈಯನ್ನು ತಿರುಗಿಸಿ ಒಂದು ಸಲ ನೋಡಿದರು.

“ನಿಮ್ದೂ ಬರ್ಕಳಿ ಮೇಡಮ್ಮೋರೆ,” ಎಂದರು. “ಮೊನ್ನೆ ಬಕೇಟಿಗೆ ಕೈ ಆಕುದ್ರಲ್ಲ.”

ಚಿಕ್ಕಬೋರಮ್ಮ, ಜವರಮ್ಮ ಆದ ಮೇಲೆ, ಕೊನೆಯಲ್ಲಿ ನನ್ನ ಹೆಸರು ಬರೆದುಕೊಂಡೆ.